ಒಳ್ಳೆ ಕೊಲೆಸ್ಟ್ರಾಲ್ ಏರಿಸೋ ಮಾತ್ರೆಯ ಚರಿತ್ರೆ

ಆನೇಕಲ್, ಸರ್ಜಾಪುರ, ಹೊಸಕೋಟೆ ಕಡೆ ಈಗ ರಕ್ತಪರೀಕ್ಷೆಯ ರಿಪೋರ್ಟ್ ಇಲ್ಲದ ಮನೆ ಕಮ್ಮಿ. ಅದರಲ್ಲಿ ‘ಎಚ್‌ಡಿಎಲ್’ 40ಕ್ಕಿಂತ ಕೆಳಗಿದ್ರೆ, ಒಳ್ಳೆ ಕೊಲೆಸ್ಟ್ರಾಲ್ ಸಾಲದು, ನಯಾಸಿನ್ ತಗೊಳ್ಳಿ ಅಂತ ಯಾರೋ ಒಬ್ಬರು ಡಬ್ಬಿ ತೋರಿಸ್ತಾರೆ. ದುಡ್ಡು ಕೊಡೋಕೆ ಮುಂಚೆ ಅದರ ಕಥೆ ತಿಳ್ಕೊಳ್ಳಿ.

ನಯಾಸಿನ್ ಅಂದ್ರೆ ಬಿ3 ವಿಟಮಿನ್. ಇದು ಮೊದಲು ಹೆಸರು ಮಾಡಿದ್ದು ಪೆಲ್ಲಾಗ್ರಾ ಕಾಯಿಲೆಯಿಂದ. ಬರೀ ಮುಸುಕಿನ ಜೋಳ ತಿನ್ನೋ ಬಡವರಿಗೆ ಚರ್ಮ ಸುಲಿದು, ಭೇದಿಯಾಗಿ, ಬುದ್ಧಿ ಕೆಡ್ತಿತ್ತು. ಇದೇ ವಿಟಮಿನ್ ಅದಕ್ಕೆ ಮದ್ದು ಅಂತ ದಾರಿ ತೋರಿಸಿದ್ದು 1937ರಲ್ಲಿ ಅಮೆರಿಕದ ಎಲ್ವೆಹ್ಯಮ್. ನಮ್ಮ ದಖನ್ನಿನಲ್ಲಿ ಬಿಳಿಜೋಳವನ್ನೇ ನಂಬಿದ್ದವರಲ್ಲೂ ಈ ಕಾಯಿಲೆ ಇತ್ತು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅದನ್ನು ಅಧ್ಯಯನ ಮಾಡಿದರು. ದಿನಕ್ಕೆ ಬೇಕಾಗೋದು ಸುಮಾರು 15 ಮಿಲಿಗ್ರಾಂ, ಅಷ್ಟೇ.

1955ರಲ್ಲಿ ಕೆನಡಾದ ಆಲ್ಟ್‌ಶುಲ್ ಮತ್ತು ಸಂಗಡಿಗರು ಅದನ್ನೇ ಗ್ರಾಂ ಲೆಕ್ಕದಲ್ಲಿ ಕೊಟ್ಟಾಗ ಕೊಲೆಸ್ಟ್ರಾಲ್ ಇಳಿಯಿತು. ಆಮೇಲೆ 1977ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ ಅಧ್ಯಯನ, ಎಚ್‌ಡಿಎಲ್ ಜಾಸ್ತಿ ಇರೋರಿಗೆ ಹೃದಯದ ಕಾಯಿಲೆ ಕಮ್ಮಿ ಅಂತ ಹೇಳಿತು. ನಯಾಸಿನ್ ಎಚ್‌ಡಿಎಲ್ಲನ್ನೂ ಏರಿಸ್ತಿತ್ತು. ಹಂಗಾದ್ರೆ ಏರಿಸಿಬಿಟ್ರೆ ಹೃದಯ ಉಳೀತು ಅಂದುಕೊಂಡರು.

ಎಚ್‌ಡಿಎಲ್ ಕೆಲಸ ನಮಗೆ ಗೊತ್ತಿರೋದೇ: ಕೆರೆ ಹೂಳು ಹೊರೋ ಟ್ರ್ಯಾಕ್ಟರ್ ಇದ್ದಂಗೆ. ರಕ್ತನಾಳದ ಗೋಡೆಯ ಕೊಬ್ಬನ್ನು ಈಲಿಗೆ (ಯಕೃತ್ತಿಗೆ) ಸಾಗಿಸುತ್ತೆ. ಆದರೆ ರಿಪೋರ್ಟ್ ಎಣಿಸೋದು ಏರಿ ಮೇಲೆ ನಿಂತಿರೋ ಟ್ರ್ಯಾಕ್ಟರನ್ನು. ಎಷ್ಟು ಲೋಡು ಹೂಳು ಹೋಯ್ತು ಅನ್ನೋದನ್ನಲ್ಲ.

ಪರೀಕ್ಷೆಗಳಲ್ಲಿ ಅದೇ ಬಯಲಾಯ್ತು. 2006ರಲ್ಲಿ ಟಾರ್ಸೆಟ್ರಪಿಬ್ ಅನ್ನೋ ಹೊಸ ಮಾತ್ರೆಯನ್ನು ಸುಮಾರು 15,000 ಜನರ ಪರೀಕ್ಷೆಯಲ್ಲಿ ನೋಡಿದರು. ಎಚ್‌ಡಿಎಲ್ ಶೇ. 72ರಷ್ಟು ಏರಿತು, ಸಾವೂ ಮಾತ್ರೆ ನುಂಗಿದವರಲ್ಲೇ ಜಾಸ್ತಿ. ಪರೀಕ್ಷೆ ನಿಲ್ಲಿಸಿದರು. 2011ರಲ್ಲಿ ನಯಾಸಿನ್ನಿನ ಸರದಿ: ಸ್ಟಾಟಿನ್ ತಗೊಳ್ತಿದ್ದ 3,414 ಹೃದ್ರೋಗಿಗಳು. ನಯಾಸಿನ್ ಗುಂಪಿನ ಎಚ್‌ಡಿಎಲ್ 35ರಿಂದ 42ಕ್ಕೆ ಹೋಯ್ತು, ಹೃದಯಾಘಾತ ತಗ್ಗಲಿಲ್ಲ, ಅದೂ ನಿಂತಿತು. 2014ರಲ್ಲಿ 25,673 ಜನರ ಫಲಿತಾಂಶ ಬಂತು. ದಿನಕ್ಕೆ 2 ಗ್ರಾಂ ನಯಾಸಿನ್ನಿಂದ ಹೃದಯಕ್ಕೆ ಲಾಭವಿಲ್ಲ, ಮೇಲಾಗಿ ಸಕ್ಕರೆ ಕಾಯಿಲೆ, ರಕ್ತಸ್ರಾವ, ಸೋಂಕು ಹೆಚ್ಚಾದವು.

ಹಂಗಾದ್ರೆ 1977ರ ಲೆಕ್ಕ ಸುಳ್ಳೇ? ಅಲ್ಲ. ಮೈಬಗ್ಗಿಸಿ ದುಡಿಯೋರು, ಬೀಡಿ ಸೇದದವರು, ಹೊಟ್ಟೆ ಬೆಳೆಸದವರಲ್ಲಿ ಎಚ್‌ಡಿಎಲ್ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಬಾಳು ಹಂಗಿದ್ರೆ ಅಂಕಿ ತಾನಾಗೇ ಬರುತ್ತೆ. ಬರೀ ಅಂಕಿ ಕೊಂಡುತಂದ್ರೆ ಬಾಳು ಬರಲ್ಲ.

ಇದು ನಮ್ಮ ನೆಲದ ಚರಿತ್ರೆಯೂ ಹೌದು. 1970ರ ದಶಕದಲ್ಲಿ ಪೀಣ್ಯ, ಕೋನಪ್ಪನ ಅಗ್ರಹಾರ–ದೊಡ್ಡತೋಗೂರಿನಲ್ಲಿ ಎಲೆಕ್ಟ್ರಾನಿಕ್ ಸಿಟಿ, 90ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐಟಿಪಿಎಲ್ ಬಂದವು. ರಾಗಿ ಹೊಲ ಲೇಔಟ್ ಆಯ್ತು. ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು ಹೋದವು. ಕುಂಟೆ, ಕಳೆ, ಕಣದ ಕೆಲಸವೂ ಹೋಯ್ತು. ಬಾಡಿಗೆ ಬಂತು, ಮೈಗೆ ಕೆಲಸ ತಪ್ಪಿತು.

ಡಾಕ್ಟರ್ ಬರೆದುಕೊಟ್ಟ ಸ್ಟಾಟಿನ್, ಬಿಪಿ ಮಾತ್ರೆ ನೀವಾಗೇ ಬಿಡಬೇಡಿ. ಅದರ ಕಥೆ ಬೇರೆ. ನಯಾಸಿನ್ ಈಗಾಗಲೇ ತಗೊಳ್ತಿದ್ರೆ ಅವರನ್ನು ಕೇಳಿ. ರಿಪೋರ್ಟ್ ಹಿಡಿದಾಗ ಎಲ್‌ಡಿಎಲ್, ಬಿಪಿ, ಸಕ್ಕರೆ ಮೊದಲು ನೋಡಿ. ಬೀಡಿ ಬಿಡಿ. ಹೊಲ ಮಾರಿದ್ರೂ ನಡಿಗೆ ಮಾರಬೇಡಿ.