ಕಡಲಿಗೆ ಸಾಬೂನು ಹಚ್ಚಿದವರು

1967ರ ಮಾರ್ಚ್ 18ರ ಶನಿವಾರ ಬೆಳಗ್ಗೆ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ನಡುವಿನ ಸೆವೆನ್ ಸ್ಟೋನ್ಸ್ ಎಂಬ ಬಂಡೆಸಾಲಿಗೆ 'ಟೋರಿ ಕ್ಯಾನ್ಯನ್' ಎಂಬ ತೈಲದ ಹಡಗು ಬಡಿಯಿತು. ಅದರ ಒಡಲಲ್ಲಿ ಕುವೈತಿನಿಂದ ತುಂಬಿಸಿಕೊಂಡು ಬಂದ ಸುಮಾರು 1,19,000 ಟನ್ ಕಚ್ಚಾತೈಲವಿತ್ತು. ಹಡಗು ಕಟ್ಟಿದ್ದು ಅಮೆರಿಕದಲ್ಲಿ, ಉದ್ದ ಮಾಡಿ ಹಿಗ್ಗಿಸಿದ್ದು ಜಪಾನಿನಲ್ಲಿ, ಹಾರಿಸುತ್ತಿದ್ದುದು ಲೈಬೀರಿಯದ ಬಾವುಟ, ಕಪ್ತಾನ ಇಟಲಿಯವನು, ಬಾಡಿಗೆಗೆ ಹಿಡಿದದ್ದು ಬ್ರಿಟಿಷ್ ಪೆಟ್ರೋಲಿಯಂ ಕಂಪೆನಿ. ವೇಲ್ಸಿನ ಮಿಲ್‌ಫರ್ಡ್ ಹೇವನ್ ಬಂದರಿನಲ್ಲಿ ಉಬ್ಬರದ ಹೊತ್ತು ತಪ್ಪಿದರೆ ದಿನಗಟ್ಟಲೆ ಕಾಯಬೇಕಾಗುತ್ತದೆಂಬ ಅವಸರದಲ್ಲಿ ಹತ್ತಿರದ ದಾರಿ ಹಿಡಿದದ್ದೇ ಮುಳುವಾಯಿತು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಕಡಲಿಗೆ ತೈಲ ಸುರಿದದ್ದನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಆಗಿನ ಪ್ರಧಾನಿ ಹೆರಾಲ್ಡ್ ವಿಲ್ಸನ್‌ರ ರಜೆಯ ಮನೆ ಇದ್ದದ್ದೂ ಸಿಲ್ಲಿ ದ್ವೀಪದಲ್ಲಿಯೇ! ಮಾರ್ಚ್ 28ರಿಂದ ಮೂರು ದಿನ ಬ್ರಿಟನ್ನಿನ ಯುದ್ಧವಿಮಾನಗಳು ಆ ಹಡಗಿನ ಮೇಲೆ ಬಾಂಬು ಸುರಿದವು, ನಪಾಮ್ ಕೂಡ. ಒಳಗುಳಿದ ಎಣ್ಣೆಯನ್ನು ಸುಟ್ಟುಬಿಡುವ ಯೋಚನೆ ಅದು. ಆದರೆ ಬಾಂಬಿನ ಸದ್ದಿನಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಅದು ಸಾಬೂನಿನ ಕಥೆ.

ಮದುವೆಮನೆಯ ಬಿರಿಯಾನಿ ದೇಗು ತೊಳೆಯುವವರಿಗೆ ಈ ವಿದ್ಯೆ ಗೊತ್ತು. ಸಾಬೂನು ಜಿಡ್ಡನ್ನು ಇಲ್ಲವಾಗಿಸುವುದಿಲ್ಲ, ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಬೆರೆಸುತ್ತದೆ. ಕಡಲಿನ ಎಣ್ಣೆಗೆ ಸಿಂಪಡಿಸುವ ಚದುರಿಕೆ ರಾಸಾಯನಿಕಗಳೂ ಇದನ್ನೇ ಮಾಡುತ್ತವೆ. ನೀರಿನ ಮೇಲೆ ಹಾಸಿಕೊಂಡ ಎಣ್ಣೆ ಅಲೆಗಳ ಕುಲುಕಾಟಕ್ಕೆ ಸಿಕ್ಕಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಳಗಿಳಿಯುತ್ತದೆ. ಆ ಹನಿಗಳನ್ನು ಕಾಲಕ್ರಮದಲ್ಲಿ ಬ್ಯಾಕ್ಟೀರಿಯಾಗಳು ತಿಂದು ಮುಗಿಸಬೇಕೆಂಬುದು ಲೆಕ್ಕಾಚಾರ. ಹಕ್ಕಿಗಳ ರೆಕ್ಕೆಗೆ, ದಡದ ಮರಳಿಗೆ ಎಣ್ಣೆ ಅಂಟುವುದು ತಪ್ಪುತ್ತದೆ. ಆದರೆ ಮೇಲಿದ್ದ ವಿಷ ಕೆಳಗಿಳಿದು ಮೀನಿನ ಮೊಟ್ಟೆ, ಮರಿಗಳ ಪಾಲಾಗುತ್ತದೆ.

1967ರಲ್ಲಿ ಬ್ರಿಟನ್ನಿನ ಕೈಯಲ್ಲಿದ್ದದ್ದು ಎಂಜಿನ್ ಕೋಣೆ, ತೈಲದ ಟ್ಯಾಂಕುಗಳನ್ನು ತೊಳೆಯುವ ಮಾರ್ಜಕ. ಸೀಮೆಎಣ್ಣೆಯ ಜಾತಿಯ ಕಟುವಾದ ದ್ರಾವಕದಲ್ಲಿ ಅದನ್ನು ಕಲಸಿರುತ್ತಿದ್ದರು. ಜೀವ ತೆಗೆಯುವುದು ಮುಖ್ಯವಾಗಿ ಈ ದ್ರಾವಕವೇ. ಹಡಗು ಬಡಿದ ಬೆನ್ನಿಗೇ ನೌಕಾಪಡೆ ಸಿಂಪಡಿಸಲು ತೊಡಗಿತು. ಮಾರ್ಚ್ 26ಕ್ಕೆ ಈಸ್ಟರ್, ಪ್ರವಾಸಿಗಳು ಬರುವ ಕಾಲ, ಕಡಲತೀರ ಚೊಕ್ಕಟವಾಗಿ ಕಾಣಲೇಬೇಕಿತ್ತು. ಸೈನಿಕರು ಬಂಡೆಗಳ ಮೇಲೆ ಡ್ರಮ್ಮುಗಟ್ಟಲೆ ಸುರಿದರು. ಕಾರ್ನ್‌ವಾಲ್ ದಡಕ್ಕೆ ಬಂದ ಎಣ್ಣೆ ಸುಮಾರು 14,000 ಟನ್, ಒಟ್ಟಾರೆ ಬಳಸಿದ ಮಾರ್ಜಕ ಸುಮಾರು 10,000 ಟನ್. ಇದನ್ನು ತೊಳೆಯುವುದೆನ್ನಬೇಕೋ, ಇನ್ನೊಂದು ಸೋರಿಕೆ ಎನ್ನಬೇಕೋ ನಮಗೆ ತಿಳಿಯದು.

ಪ್ಲಿಮತ್ತಿನ ಕಡಲಜೀವಿ ಪ್ರಯೋಗಾಲಯದ ವಿಜ್ಞಾನಿಗಳು ತಮ್ಮ ಎಲ್ಲ ಕೆಲಸ ಬದಿಗಿಟ್ಟು ದಡಕ್ಕೆ ಓಡಿದರು. ಜೆ.ಇ. ಸ್ಮಿತ್ ಸಂಪಾದಿಸಿದ ಅವರ ವರದಿ 1968ರಲ್ಲಿ ಹೊರಬಂತು. ಎಣ್ಣೆ ಮಾತ್ರ ಬಿದ್ದ ಬಂಡೆಗಳಲ್ಲಿ ಹಲವು ಜೀವಿಗಳು ಉಳಿದಿದ್ದವು, ಮಾರ್ಜಕ ಬಿದ್ದಲ್ಲಿ ಸತ್ತು ಉದುರಿದ್ದವು. ಬಂಡೆಗೆ ಕಚ್ಚಿಕೊಂಡು ಪಾಚಿ ಮೇಯುವ ಲಿಂಪೆಟ್ ಎಂಬ ಚಿಪ್ಪುಜೀವಿಯ ಕಥೆಯನ್ನು ಕೇಳಬೇಕು. ಅವು ಸತ್ತದ್ದರಿಂದ ಮೇಯುವವರಿಲ್ಲದೆ ಬಂಡೆಗಳೆಲ್ಲ ಹಸಿರು ಪಾಚಿಯಿಂದ ಮುಚ್ಚಿಹೋದವು. ನೋಡುವವರಿಗೆ ಸೊಗಸು! ಪಾಚಿಯ ಸಮೃದ್ಧಿಯಲ್ಲಿ ಹೊಸ ಲಿಂಪೆಟ್‌ಗಳು ಮಿತಿಮೀರಿ ಹುಟ್ಟಿ, ಇದ್ದದ್ದನ್ನೆಲ್ಲ ತಿಂದು ಬಂಡೆ ಬೋಳಾಗಿ, ಕೊನೆಗೆ ಅವೂ ಹಸಿದು ಕಡಿಮೆಯಾದವು. ಈ ಏರಿಳಿತ ನಿಂತು ತೀರ ಮೊದಲಿನಂತಾಗಲು ಕೆಲವೆಡೆ 15 ವರ್ಷಗಳೇ ಹಿಡಿದವು. ಸೀಲ್ ಪ್ರಾಣಿಗಳ ಮೇಲಿನ ಕಾಳಜಿಯಿಂದ ಮಾರ್ಜಕ ಹಾಕದೆ ಬಿಟ್ಟಿದ್ದ ಗಾಡ್ರೆವಿ ಎಂಬಲ್ಲಿ ಎರಡು ಮೂರು ವರ್ಷಗಳಲ್ಲೇ ಎಲ್ಲ ಸರಿಹೋಗಿತ್ತು.

ಸಿಂಪಿ ಸಾಕುವ ಫ್ರೆಂಚರು ಮಾರ್ಜಕಕ್ಕೆ ಹಿಂಜರಿದರು. ಸುಣ್ಣದ ಕಲ್ಲಿನ ಪುಡಿ ಹಾಕಿ ಎಣ್ಣೆಯನ್ನು ಆಳಕ್ಕೆ ಮುಳುಗಿಸಿದರು, ಹುಲ್ಲು ಸಲಿಕೆ ಹಿಡಿದು ದಡ ಬಳಿದರು. ಗರ್ನ್ಸಿ ದ್ವೀಪದವರು ಎಣ್ಣೆಯನ್ನು ಹಳೆಯ ಕಲ್ಲುಗಣಿಯೊಂದಕ್ಕೆ ತುಂಬಿಸಿ ಕೈತೊಳೆದುಕೊಂಡರು. ನಾಲ್ಕು ದಶಕ ಕಳೆದರೂ ಅದು ಅಲ್ಲೇ ಇತ್ತು.

ಹಾಗೆಂದು ಚದುರಿಕೆಯೇ ಕೆಟ್ಟದ್ದೆನ್ನುವುದೂ ನ್ಯಾಯವಲ್ಲ. 1967ರ ಪಾಠದಿಂದಲೇ ವಿಷ ಕಡಿಮೆಯಿರುವ ರಾಸಾಯನಿಕಗಳು ಬಂದವು, ಬಳಕೆಗೆ ಮುನ್ನ ಪರೀಕ್ಷೆ ಕಡ್ಡಾಯವಾಯಿತು. ಟೋರಿ ಕ್ಯಾನ್ಯನ್ ಮುಟ್ಟಲಾಗದ ಅದೇ ಮಿಲ್‌ಫರ್ಡ್ ಹೇವನ್ ಬಾಗಿಲಲ್ಲಿ 1996ರಲ್ಲಿ 'ಸೀ ಎಂಪ್ರೆಸ್' ಎಂಬ ಹಡಗು ಸುಮಾರು 72,000 ಟನ್ ಎಣ್ಣೆ ಚೆಲ್ಲಿತು. ಆಗ ದಡದಿಂದ ದೂರದಲ್ಲಿ, ವಿಮಾನಗಳಿಂದ, ಎಣ್ಣೆ ಹೊಸತಾಗಿರುವಾಗಲೇ ಸಿಂಪಡಿಸಿದ ಸುಮಾರು 446 ಟನ್ ರಾಸಾಯನಿಕ ದಡ ಸೇರಬೇಕಿದ್ದ ಬಹಳಷ್ಟು ಎಣ್ಣೆಯನ್ನು ತಡೆಯಿತು. ಹಳಸಿ ಮಂದವಾದ ಎಣ್ಣೆಗೆ ಇದೇ ಮದ್ದು ನಾಟುವುದಿಲ್ಲ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ 11 ಮಂದಿ ಕೆಲಸಗಾರರು ಸತ್ತರು. ಅಲ್ಲಿ ಬಳಸಿದ ರಾಸಾಯನಿಕ ಸುಮಾರು 70 ಲಕ್ಷ ಲೀಟರ್. ಅದರಲ್ಲಿ ಬಹುಪಾಲು ಮೇಲ್ಮೈಗೆ ಸಿಂಪಡಿಸಿದ್ದಾದರೂ, ಉಳಿದದ್ದನ್ನು ಸುಮಾರು 1,500 ಮೀಟರ್ ಆಳದ ಬಾವಿಬಾಯಿಗೇ ಬಿಟ್ಟರು. ಅದರ ಪರಿಣಾಮದ ಕುರಿತ ವಾದ ಇನ್ನೂ ಮುಗಿದಿಲ್ಲ.

ನಮ್ಮ ಪಣಂಬೂರಿನ ಸಂಸ್ಕರಣಾಗಾರಕ್ಕೂ ಕಚ್ಚಾತೈಲ ಬರುವುದು ಸಮುದ್ರದ ದಾರಿಯಲ್ಲೇ. 2025ರ ಮೇ 25ರಂದು ಕೊಚ್ಚಿಯ ಹೊರಗೆ 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು ಮುಳುಗಿದಾಗ ಕೋಸ್ಟ್ ಗಾರ್ಡಿನ ವಿಮಾನ ಮತ್ತು ಹಡಗುಗಳು ಚದುರಿಕೆ ರಾಸಾಯನಿಕ ಸಿಂಪಡಿಸಿದವು. ಮೀನು ಮರಿಹಾಕುವ ಕಾಲವೆಂದು ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ ಕೊಡುವ ಕಡಲು ಇದು. ಇಂಥ ಹೊತ್ತಿನಲ್ಲಿ ದಡ ಉಳಿಸಬೇಕೋ, ನೀರಿನೊಳಗಿನ ಮೊಟ್ಟೆ ಉಳಿಸಬೇಕೋ ಎಂಬ ತೀರ್ಮಾನವನ್ನು ಅಧಿಕಾರಿಗಳು ಕೆಲವೇ ಗಂಟೆಗಳಲ್ಲಿ ಮಾಡಬೇಕಾಗುತ್ತದೆ. ಬಲೆ ಬೀಸುವವರನ್ನು ಕೇಳಲು ಆಗ ಪುರುಸೊತ್ತಿರುವುದಿಲ್ಲ. ಕೇಳುವುದಾದರೆ ಹಡಗು ಮುಳುಗುವ ಮೊದಲೇ, ಮಲ್ಪೆಯಲ್ಲೋ ಉಳ್ಳಾಲದಲ್ಲೋ ಅವರೊಂದಿಗೆ ಕೂತು ಕೇಳಬೇಕು.