ನಾಟಕದ ಮಾತು ಕಲಿತ ಮೈಸೂರು

ಯಾದವಗಿರಿಯ ವಿವೇಕಾನಂದ ರಸ್ತೆಯ ಮನೆಯಲ್ಲಿ ದಶಕಗಳ ಕಾಲ ಬಾಳಿದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದೇ ಲೋಕಕ್ಕೆ ಪರಿಚಿತರಾದವರು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅವರು ನಪಾಸಾದದ್ದೂ ಇಂಗ್ಲಿಷಿನಲ್ಲೇ! ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರು, ಹುಡುಗನಿಗೆ ಪುಸ್ತಕಗಳಿಗೇನೂ ಬರವಿರಲಿಲ್ಲ. ಆದರೆ ಓದಿನ ಹಸಿವೇ ಬೇರೆ, ಪರೀಕ್ಷೆ ಕೇಳುವ ಪದಾರ್ಥ, ಟಿಪ್ಪಣಿಗಳೇ ಬೇರೆ. ಕೊನೆಗೆ 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಮುಗಿಸಿದರು.

ಅದಕ್ಕೂ ಮೊದಲು, ಇಂಗ್ಲಿಷ್ ಓದು ಬಾರದವರಿಗೂ ಇದೇ ಮೈಸೂರಿನಲ್ಲಿ ಪರದೇಶದ ನಾಟಕದ ಮಾತು ಕಿವಿಯಿಂದ ಕಿವಿಗೆ ದಾಟಿದ ಕಾಲವೂ ಇತ್ತು. ಅರಮನೆಯ ಕವಿ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಿ. ಸುಬ್ಬರಾಯರು ‘ಒಥೆಲೋ’ವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು, ಶಾಸ್ತ್ರಿಗಳು ಅದನ್ನು ‘ಶೂರಸೇನ ಚರಿತ್ರೆ’ಯಾಗಿ ಕಟ್ಟಿದರು. ಷೇಕ್ಸ್‌ಪಿಯರನ ಒಂದು ಸಾಲನ್ನೂ ಮೂಲದಲ್ಲಿ ಓದದೆ ಅವನ ನಾಟಕವನ್ನು ಕನ್ನಡದ ರಂಗಕ್ಕೆ ತಂದ ಈ ಧೈರ್ಯ ಇಂದಿನ ಅನುವಾದಕರಿಗೆ ಬಂದೀತೇ?

ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು ಹಿಡಿದದ್ದು ಬೇರೆಯೇ ದಾರಿ. ಗ್ರೀಕ್ ಕವಿ ಸೊಫೊಕ್ಲೀಸನ ‘ಏಜಾಕ್ಸ್’ 1929ರಲ್ಲಿ ‘ಅಶ್ವತ್ಥಾಮನ್’ ಆಯಿತು, ಅದೂ ಹಳಗನ್ನಡದಲ್ಲಿ. ಪ್ರಾಚೀನರ ದುರಂತಕ್ಕೆ ಆ ಗಾಂಭೀರ್ಯವೇ ತಕ್ಕದ್ದೆಂಬುದು ಅವರ ನಿಲುವು. ಓದುಗ ಕನ್ನಡಕ್ಕೇ ನಿಘಂಟು ತೆರೆಯಬೇಕಾಯಿತೆಂಬುದು ಬೇರೆ ಮಾತು.

ಹಳೆಯ ಕಥೆಗೆ ಹಳೆಯ ನುಡಿಯನ್ನೇ ಹೊಂದಿಸುವ ಇಂಥದ್ದೇ ಕೆಲಸವನ್ನು ಅಮೆರಿಕದ ಆರ್ಥರ್ ಮಿಲ್ಲರ್ 1953ರಲ್ಲಿ ‘ದಿ ಕ್ರೂಸಿಬಲ್’ ನಾಟಕದಲ್ಲಿ ಮಾಡಿದ. 1692ರಲ್ಲಿ ಸೇಲಂ ಎಂಬ ಊರಿನ ಕಟ್ಟಾ ಪ್ಯೂರಿಟನ್ ಸಮಾಜ ಮಾಟಗಾರರೆಂಬ ಆರೋಪ ಹೊರಿಸಿ 19 ಮಂದಿಯನ್ನು ಗಲ್ಲಿಗೇರಿಸಿತ್ತು. ಮಿಲ್ಲರ್ ಅಲ್ಲಿನ ನ್ಯಾಯಾಲಯದ ಕಡತಗಳನ್ನು ತಿರುವಿಹಾಕಿ, ಪಾತ್ರಗಳ ಬಾಯಿಗೆ ಹಳೆಯ ಕಾಲದ ನುಡಿಗಟ್ಟು ಹೊಂದಿಸಿದ. ಹಾಗಾಗಿ ಇಂಗ್ಲಿಷ್ ಬಲ್ಲವರೂ ಈ ನಾಟಕ ಓದುವಾಗ ಪದಪಟ್ಟಿ ಮಾಡಿಕೊಳ್ಳುತ್ತಾರೆ. ಹೆಂಗಸರ ಹೆಸರಿಗೆ ಮೊದಲು ‘ಗುಡಿ’ ಎಂದು ಕಂಡರೆ ಕನ್ನಡಿಗರಿಗೆ ದೇವಸ್ಥಾನ ನೆನಪಾಗಬಹುದು. ಅದು ಗೃಹಿಣಿಯರನ್ನು ಸಂಬೋಧಿಸುವ ಹಳೆಯ ರೂಢಿ. ಹೊಟ್ಟೆಗೆ ಸೂಜಿ ಚುಚ್ಚಿದ ಬೊಂಬೆ ಮನೆಯಲ್ಲಿ ಸಿಕ್ಕಿತೆಂದು ಗೃಹಿಣಿಯನ್ನು ಹಿಡಿದೊಯ್ಯುವ ದೃಶ್ಯಕ್ಕೆ ಮಾತ್ರ ನಮಗೆ ನಿಘಂಟೇ ಬೇಡ. ಮಾಟ ಮಾಡಿಸಿದರೆಂಬ ಗುಸುಗುಸು ಕೇಳದ ಊರು ಯಾವುದಿದೆ?

ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಹುಡುಕುವವರಿಗೆ ದೊಡ್ಡ ಆಸರೆ ದೊರೆತದ್ದು 1946ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟಿನಿಂದ. ಅದಕ್ಕೆ ಒಂದು ವರ್ಷ ಮೊದಲು ನಾರಾಯಣ್ ಅವರ ಕಾದಂಬರಿ ‘ದಿ ಇಂಗ್ಲಿಷ್ ಟೀಚರ್’ ಬಂದಿತ್ತು. ಅದರಲ್ಲಿ ಪ್ರಿನ್ಸಿಪಾಲ್ ಬ್ರೌನ್ ಸಾಹೇಬರು, ‘ಆನರ್ಸ್’ ಪದಕ್ಕೆ ‘ಯು’ ಅಕ್ಷರ ಬೇಕೆಂಬುದೇ ಆನರ್ಸ್ ಹುಡುಗನಿಗೆ ಗೊತ್ತಿಲ್ಲವೆಂದು ಅಧ್ಯಾಪಕರ ಸಭೆಯಲ್ಲಿ ಕಿಡಿಕಾರುತ್ತಾರೆ. ಆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೃಷ್ಣನ್ ಕಾದಂಬರಿ ಮುಗಿಯುವ ಹೊತ್ತಿಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪುಟ್ಟ ಮಕ್ಕಳ ಶಾಲೆ ಸೇರುತ್ತಾನೆ.