ಮೋಟಾರು ಬಂಡಿಯ ಮುಂದೀಪ

ವಾಚಕರೆ, ಮನೆಮನೆಗೂ ಬುರುಡೆ ಬಲ್ಬುಗಳಿದ್ದ ಕಾಲವನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಸಂಜೆ ರೇಡಿಯೋ ಹಾಕಿಕೊಂಡು ಕುಳಿತಿರುವಾಗ ಊರ ಸುತ್ತಣ ತೋಟಗಳಲ್ಲಿ ಪಂಪ್‌ಸೆಟ್ಟುಗಳು ಒಮ್ಮೆಗೇ ಓಡತೊಡಗುತ್ತಿದ್ದವು. ತಲೆಯ ಮೇಲಿನ ಬಲ್ಬು ಬೆಳ್ಳಗಿದ್ದುದು ಹಳದಿಗೆ ತಿರುಗಿ, ಹಳದಿಯಿಂದ ಕೆಂಪಿಗಿಳಿದು, ಕೊನೆಗೆ ಒಳಗಿನ ತಂತಿಯೊಂದೇ ಕೆಂಡದೆಳೆಯಂತೆ ಕಾಣುತ್ತಿತ್ತು. ದೀಪವೇನೋ ಉರಿಯುತ್ತಿತ್ತು, ಆದರೆ ಪಂಚಾಂಗದ ಅಕ್ಷರ ಕಾಣುತ್ತಿರಲಿಲ್ಲ. ಈ ಅನುಭವವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಮೋಟಾರು ಬಂಡಿಯ ಮುಂದೀಪದ ಕಥೆಯಲ್ಲಿ ಅರ್ಧ ಪಾಲು ಇದೇ.

ನಾನು ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣ ನನ್ನಿವಾಳದ ದಾರಿ. ಚಳ್ಳಕೆರೆ ತಾಲ್ಲೂಕಿನ ಈ ಊರು ಮ್ಯಾಸಬೇಡರ ಕಟ್ಟೆಮನೆಗಳಲ್ಲೊಂದು. ಹಳಗನ್ನಡದಲ್ಲಿ ‘ನನ್ನಿ’ ಎಂದರೆ ಸತ್ಯ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ನನ್ನ ಕಸುಬಾದರೂ, ಊರ ಹೆಸರಿಗೂ ಅದಕ್ಕೂ ನಂಟು ಕಟ್ಟುವ ಸಾಹಸಕ್ಕೆ ನಾನಿಲ್ಲಿ ಹೊರಟಿಲ್ಲ. ಈ ಸೀಮೆಯಲ್ಲಿ ‘ದೇವರ ಎತ್ತು’ಗಳೆಂಬ ದನಗಳುಂಟು. ಇವು ನೇಗಿಲಿಗಲ್ಲ, ಗಾಡಿಗಲ್ಲ. ದೇವರ ಹೆಸರಿನಲ್ಲಿ ಸಾಕಿದ ಹಿಂಡುಗಳು. ಇವನ್ನು ಕಾಯುವವರಿಗೆ ಕಿಲಾರಿಗಳೆಂದು ಹೆಸರು. ಮಳೆ ಕಡಿಮೆಯಾದ ಈ ಬಯಲಿನಲ್ಲಿ ಮೇವು ಎಲ್ಲಿದೆಯೋ ಅತ್ತ ಹಿಂಡು ನಡೆಯಬೇಕು. ಹಿಂಡು ನಡೆವಾಗ ರಸ್ತೆ ಅಡ್ಡ ಬಂದೇ ಬರುತ್ತದೆ.

ನಾನು ಹೈಸ್ಕೂಲು ಓದುತ್ತಿದ್ದಾಗ, ಎಂಬತ್ತರ ದಶಕದಲ್ಲಿ, ನಮ್ಮ ದೊಡ್ಡಪ್ಪನವರ ಬಳಿ ಒಂದು ಹಳೆಯ ಅಂಬಾಸಿಡರ್ ಕಾರಿತ್ತು. ಒಂದು ರಾತ್ರಿ ಮದುವೆಯೊಂದರಿಂದ ಚಳ್ಳಕೆರೆಗೆ ಹಿಂದಿರುಗುತ್ತಿದ್ದೆವು. ಅಮಾವಾಸ್ಯೆಯ ಆಸುಪಾಸು. ಕಾರಿನ ದೀಪ ನಾನು ಮೇಲೆ ಹೇಳಿದ ಬುರುಡೆ ಬಲ್ಬಿನಂತೆ ಕೆಂಪಗೆ ಉರಿಯುತ್ತಿತ್ತು. ಇದ್ದಕ್ಕಿದ್ದಂತೆ ದೊಡ್ಡಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟರು. ಕಾರು ನಿಂತಾಗ ಬಾನೆಟ್ಟಿನ ಮುಂದೆ ಮೊಳದ ದೂರದಲ್ಲಿ ಒಂದು ಎತ್ತಿನ ಪಕ್ಕೆ. ಅದರ ಆಚೆಗೆ ಇನ್ನೂ ಹತ್ತಾರು. ದನದ ಕಣ್ಣು ಬೆಳಕಿಗೆ ಹೊಳೆಯುತ್ತದೆಂಬುದು ನಿಮಗೆ ಗೊತ್ತಷ್ಟೆ. ಆದರೆ ಅದು ಹೊಳೆಯಬೇಕಾದರೆ ಬೆಳಕು ಅಲ್ಲಿಗೆ ಮುಟ್ಟಬೇಕು, ದನವೂ ನಮ್ಮ ಕಡೆಗೆ ಮುಖ ಮಾಡಿರಬೇಕು. ಕಿಲಾರಿ ಮುಂದೆ ಬಂದು ಎತ್ತಿನ ಮೈ ಸವರಿ ನೋಡಿದನು. ಬೈಯಲಿಲ್ಲ. “ಲೈಟು ಸಾಲ್ದು ಸ್ವಾಮಿ” ಎಂದಷ್ಟೇ ಹೇಳಿ ಹಿಂಡನ್ನು ದಾಟಿಸಿದನು.

ಲೈಟು ಏಕೆ ಸಾಲದು? ಇದಕ್ಕೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಹಿರಿಯರ ಎತ್ತಿನ ಗಾಡಿಗೆ ದೀಪವೆಂದರೆ ಅಚ್ಚಿನ ಕೆಳಗೆ ತೂಗಾಡುತ್ತಿದ್ದ ಲಾಟೀನು. ಅದು ದಾರಿ ಕಾಣುವುದಕ್ಕಲ್ಲ. ದಾರಿ ಎತ್ತುಗಳಿಗೆ ಗೊತ್ತಿತ್ತು. ಎದುರಿನವರಿಗೆ ಗಾಡಿ ಕಾಣಲೆಂದು ಲಾಟೀನು. ಮೊದಮೊದಲ ಮೋಟಾರುಗಳಿಗೂ ಕುದುರೆ ಸಾರೋಟಿನ ಎಣ್ಣೆದೀಪಗಳನ್ನೇ ತಗುಲಿಸಿದರು. ಕುದುರೆಯ ವೇಗಕ್ಕೆ ಅದು ಸಾಕಾಗಿತ್ತು, ಮೋಟಾರಿನ ವೇಗಕ್ಕೆ ಸಾಲದಾಯಿತು. ಆಗ ಬಂದದ್ದು ಕಾರ್ಬೈಡ್ ದೀಪ.

ಜಾತ್ರೆಯ ಬೆಂಡು-ಬತ್ತಾಸಿನ ಅಂಗಡಿಗಳ ಮುಂದೆ ಕಮಟು ವಾಸನೆಯ ಬಿಳಿಯ ದೀಪ ಉರಿಯುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅದೇ ಇದು. ಡಬ್ಬಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಕಲ್ಲು, ಮೇಲಿನಿಂದ ತೊಟ್ಟುತೊಟ್ಟಾಗಿ ನೀರು. ನೀರು ತಾಗಿದೊಡನೆ ಅಸಿಟಿಲೀನ್ ಅನಿಲ ಹುಟ್ಟಿ ಕೊಳವೆಯಲ್ಲಿ ಹರಿದು ಕನ್ನಡಿಯ ಮುಂದೆ ಉರಿಯುತ್ತದೆ. (ಇದೇ ಕಲ್ಲಿನಿಂದ ಮಾವಿನಕಾಯನ್ನು ಹಣ್ಣು ಮಾಡುವ ಕೆಟ್ಟ ಪದ್ಧತಿ ಆಮೇಲೆ ಬಂದಿತು. ಅದನ್ನು ನಿಷೇಧಿಸಿದ್ದಾರೆ, ಮಾಡುವವರು ಮಾಡುತ್ತಲೇ ಇದ್ದಾರೆ.) ಬೆಳಕು ಚೆನ್ನಾಗಿತ್ತು. ಆದರೆ ಕತ್ತಲಾದೊಡನೆ ಗಾಡಿ ನಿಲ್ಲಿಸಿ, ಕೆಳಗಿಳಿದು, ನೀರಿನ ತಿರುಪು ಬಿಟ್ಟು, ಕಡ್ಡಿ ಗೀರಬೇಕು. ಎದುರಿಗೆ ಯಾರಾದರೂ ಬಂದರೆ ತಗ್ಗಿಸುವ ಉಪಾಯವಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆ ಬೀದಿಯಲ್ಲಿ ಓಡಾಡುತ್ತಿದ್ದ ಮೋಟಾರುಗಳಾದರೋ ಇನ್ನೂ ಎಣ್ಣೆ, ಕಾರ್ಬೈಡುಗಳನ್ನೇ ನಂಬಿದ್ದ ಕಾಲವದು! ಬೀದಿಯ ಕಂಬಕ್ಕೆ ಸಾಧ್ಯವಾದದ್ದು ಬಂಡಿಗೆ ಏಕೆ ಆಗಲಿಲ್ಲವೆಂದರೆ, ಕಂಬ ಅಲುಗುವುದಿಲ್ಲ. ಆಗಿನ ಬಲ್ಬಿನ ಇದ್ದಿಲ ತಂತು ಬಂಡಿಯ ಕುಲುಕಾಟಕ್ಕೆ ತುಂಡಾಗುತ್ತಿತ್ತು. ಬಂಡಿಯೊಳಗೇ ವಿದ್ಯುತ್ತು ಹುಟ್ಟಿಸುವ ಡೈನಮೋ ಕೂಡ ಹದಕ್ಕೆ ಬಂದಿರಲಿಲ್ಲ. 1910ರ ಸುಮಾರಿಗೆ ಎಳೆದರೆ ತುಂಡಾಗದ ಟಂಗ್‌ಸ್ಟನ್ ತಂತು ಅಮೆರಿಕದಲ್ಲಿ ಸಿದ್ಧವಾಯಿತು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರಿನೊಡನೆ ವಿದ್ಯುದ್ದೀಪವೂ ಬಂದಿತು. ಮರುವರ್ಷವೇ ಜರ್ಮನಿಯ ಬಾಷ್ ಕಂಪನಿ ಡೈನಮೋ, ದೀಪಗಳನ್ನು ಒಂದು ಕಟ್ಟಾಗಿ ಮಾರತೊಡಗಿತು. ನಮ್ಮ ಬೆಂಗಳೂರಿನ ಆಡುಗೋಡಿಯ ‘ಮೈಕೊ’ ಕಾರ್ಖಾನೆ 1951ರಲ್ಲಿ ಹುಟ್ಟಿದ್ದು ಈ ಬಾಷ್ ನಂಟಿನಿಂದಲೇ.

ಬೆಳಕು ಹೆಚ್ಚಿದೊಡನೆ ಎದುರು ಬರುವವನ ಕಣ್ಣು ಕೋರೈಸುವ ತೊಂದರೆ ಹುಟ್ಟಿತು. 1925ರ ಸುಮಾರಿಗೆ ಒಂದೇ ಬಲ್ಬಿನಲ್ಲಿ ಎರಡು ತಂತುಗಳನ್ನಿಟ್ಟರು. ಒಂದು ದೂರಕ್ಕೆ, ಇನ್ನೊಂದು ತಗ್ಗಿಗೆ. ನಮ್ಮ ಲಾರಿ ಚಾಲಕರು ‘ಡಿಮ್ ಡಿಪ್ ಮಾಡು’ ಎನ್ನುವುದು ಇದನ್ನೇ. 1940ರಲ್ಲಿ ಅಮೆರಿಕದವರು ಏಳು ಅಂಗುಲದ ದುಂಡು ದೀಪವನ್ನು ಎಲ್ಲ ಕಾರುಗಳಿಗೂ ಒಂದೇ ಅಳತೆಯಾಗಿ ನಿಗದಿಮಾಡಿದರು. ಜೀಪಿಗೂ 1957ರಿಂದ ತಯಾರಾದ ನಮ್ಮ ಅಂಬಾಸಿಡರಿಗೂ ಬಂದದ್ದು ಈ ಅಳತೆಯೇ.

1962ರಲ್ಲಿ ಯೂರೋಪಿನಲ್ಲಿ ಹ್ಯಾಲೊಜೆನ್ ದೀಪ ಬಂದಿತು. ಸಾಧಾರಣ ಬಲ್ಬಿನಲ್ಲಿ ಕಾದ ತಂತುವಿನಿಂದ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಹತ್ತಿ ಕಪ್ಪು ಹಿಡಿಯುತ್ತದೆ. ತಂತುವೂ ಸವೆಯುತ್ತದೆ, ಬೆಳಕೂ ಮಂಕಾಗುತ್ತದೆ. ಬಲ್ಬಿನೊಳಗೆ ತುಸು ಅಯೋಡಿನ್ ಅಥವಾ ಬ್ರೋಮಿನ್ ಇಟ್ಟರೆ, ಅದು ಹಾರಿಹೋದ ಟಂಗ್‌ಸ್ಟನ್ನನ್ನು ಹಿಡಿದು ತಂದು ಮತ್ತೆ ತಂತುವಿನ ಬಳಿಯಲ್ಲೇ ಬಿಡುತ್ತದೆ. ಆದ್ದರಿಂದ ತಂತುವನ್ನು ಹೆಚ್ಚು ಕಾಯಿಸಬಹುದು, ಹೆಚ್ಚು ಬೆಳಕು ಪಡೆಯಬಹುದು. ಎರಡು ತಂತುಗಳ ಎಚ್-4 ಎಂಬ ಬಲ್ಬು 1971ರಲ್ಲಿ ಬಂದಿತು. ಹಳೆಯ 45/40 ವಾಟಿನ ಬಲ್ಬಿಗಿಂತ 60/55 ವಾಟಿನ ಈ ಬಲ್ಬು ಸುಮಾರು ಒಂದೂವರೆಯಿಂದ ಎರಡರಷ್ಟು ಬೆಳಕು ಕೊಡುತ್ತದೆ.

ಇನ್ನು ದೊಡ್ಡಪ್ಪನವರ ಕಾರಿಗೆ ಬರೋಣ. ಅವರೂ ಮೊದಲು ಬಲ್ಬನ್ನೇ ಅನುಮಾನಿಸಿದರು. ಚಳ್ಳಕೆರೆಯ ಒಬ್ಬ ಮಿಸ್ತ್ರಿ, ಓದಿದ್ದು ನಾಲ್ಕನೆಯ ತರಗತಿ, ಬಲ್ಬನ್ನು ಮುಟ್ಟಲಿಲ್ಲ. ಮೀಟರು ಹಿಡಿದು ಬ್ಯಾಟರಿಯ ಬಳಿ ಅಳೆದನು, 12 ವೋಲ್ಟು. ದೀಪದ ಬಳಿ ಅಳೆದನು, 10. “ದಾರಿಯಾಗೆ ಎರಡು ಸೋರಿ ಹೋಗೈತೆ ನೋಡ್ರಿ” ಎಂದನು.

ವಿಷಯವಿಷ್ಟೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸಣ್ಣ ವೈರಿನಲ್ಲಿ ಚಾಲಕನ ಮುಂದಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಿನ ದೀಪಕ್ಕೆ ಸುತ್ತಿ ಬರಬೇಕು. ವೈರು ಹಳೆಯದು, ಸ್ವಿಚ್ಚು ಸವೆದದ್ದು, ಅರ್ತಿನ ತುದಿ ತುಕ್ಕು ಹಿಡಿದದ್ದು. ಅಲ್ಲಲ್ಲಿ ಸ್ವಲ್ಪಸ್ವಲ್ಪ ಸೋರುತ್ತದೆ. ತಂತುವಿನ ದೀಪದ ಸ್ವಭಾವವೋ ವಿಚಿತ್ರ: ವೋಲ್ಟೇಜು ನೂರಕ್ಕೆ ಹತ್ತು ತಗ್ಗಿದರೆ ಬೆಳಕು ನೂರಕ್ಕೆ ಹತ್ತಲ್ಲ, ಸುಮಾರು ಮೂವತ್ತು ತಗ್ಗುತ್ತದೆ. ಹನ್ನೆರಡರಲ್ಲಿ ಎರಡು ಹೋದರೆ ಬೆಳಕು ಅರ್ಧಕ್ಕೆ ಹತ್ತಿರ ಇಳಿದಂತೆಯೇ. ನಿಮ್ಮ ಮನೆಯ ಬುರುಡೆ ಬಲ್ಬಿಗೆ ಪಂಪ್‌ಸೆಟ್ಟು ಮಾಡುತ್ತಿದ್ದುದೂ ಇದೇ.

ಮಿಸ್ತ್ರಿ ಎರಡು ರಿಲೇ ಜೋಡಿಸಿದನು. ಈಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಚ್ಚರಿಸಲು ಬೇಕಾದ ಒಂದಿಷ್ಟು ವಿದ್ಯುತ್ತು ಮಾತ್ರ. ದೀಪಕ್ಕೆ ಬೇಕಾದ ಎಂಟು ಹತ್ತು ಆಂಪಿಯರು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸಿನ ಮೂಲಕ, ನೇರವಾಗಿ ಹೋಗುತ್ತದೆ. ಅರ್ತಿನ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದನು. ಅದೇ ಹಳೆಯ ಬಲ್ಬು ಆ ರಾತ್ರಿ ಬೆಳ್ಳಗೆ ಉರಿಯಿತು. ದೊಡ್ಡಪ್ಪ ರಸ್ತೆಯ ಅಂಚಿನ ಜಾಲಿಗಿಡಗಳನ್ನು ಒಂದೊಂದಾಗಿ ತೋರಿಸುತ್ತ ಊರು ಸೇರಿಸಿದರು.

ಗಂಟೆಗೆ ಅರವತ್ತು ಕಿಲೋಮೀಟರು ಓಡುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಿ ಕಾರು ನಿಲ್ಲುವ ಹೊತ್ತಿಗೆ ನಲವತ್ತೈದು ಐವತ್ತು ಮೀಟರು ಕಳೆದಿರುತ್ತದೆ. ದೀಪ ಮೂವತ್ತು ಮೀಟರು ಮಾತ್ರ ತೋರಿಸಿದರೆ ಉಳಿದ ದೂರವನ್ನು ನಾವು ಕುರುಡಾಗಿಯೇ ಓಡಿಸುತ್ತಿರುತ್ತೇವೆ.

ಇಷ್ಟು ಬಲ್ಲ ನಾನೇ ಮುಂದೆ ಮಾಡಿದ ತಪ್ಪನ್ನೂ ಹೇಳಬೇಕು. ಮೇಷ್ಟ್ರ ಕೆಲಸ ಸಿಕ್ಕಿ, ಸಾಲ ಮಾಡಿ ಒಂದು ಹಳೆಯ ಕಾರು ಕೊಂಡಾಗ, ಅಂಗಡಿಯವನ ಮಾತಿಗೆ ಮರುಳಾಗಿ 100/90 ವಾಟಿನ ಬಲ್ಬು ಹಾಕಿಸಿದೆ. ತಿಂಗಳೊಳಗೆ ಹೋಲ್ಡರು ಕರಗಿ ಅಂಟಿಕೊಂಡಿತು. ಎರಡು ಬಲ್ಬಿಗೆ ಹದಿನಾರು ಆಂಪಿಯರಿಗೂ ಮಿಕ್ಕಿ ಬೇಕು. ಸಣ್ಣ ವೈರು ಅದನ್ನು ಹೇಗೆ ತಾಳೀತು? ಅದು ಹೋಗಲಿ. ಒಂದು ರಾತ್ರಿ ನನ್ನಿವಾಳದ ದಾರಿಯಲ್ಲೇ ಎದುರು ಬಂದ ಸೈಕಲ್ಲೊಂದು ಇದ್ದಕ್ಕಿದ್ದಂತೆ ಚರಂಡಿಗೆ ಇಳಿಯಿತು. ಇಳಿದು ಓಡಿದೆ. ಮುದುಕರೊಬ್ಬರು, ಮೊಣಕೈ ತರಚಿತ್ತು. “ಮೇಷ್ಟ್ರೇ, ಮೊದ್ಲು ಆ ಲೈಟು ಆರ್ಸಿ ಬನ್ನಿ. ನಿಮ್ಮ ಮುಖಾನೇ ಕಾಣವಲ್ದು” ಎಂದರು. ಅವರ ಮೊಮ್ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದ.

ಈಗ ಎಲ್‌ಇಡಿ ಕಾಲ. 1991ರಲ್ಲಿ ಜೀನಾನ್ ದೀಪವೂ 2007ರಲ್ಲಿ ಎಲ್‌ಇಡಿ ಮುಂದೀಪವೂ ದೊಡ್ಡ ಕಾರುಗಳಿಗೆ ಬಂದವು. ಕಾರ್ಖಾನೆಯಿಂದಲೇ ಹಾಗೆ ಬಂದ ದೀಪದ ಮಾತು ಬೇರೆ. ಹ್ಯಾಲೊಜೆನ್ನಿಗೆಂದು ಮಾಡಿದ ಕನ್ನಡಿಯ ಗೂಡಿನಲ್ಲಿ ಸಂತೆಯ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ, ತಂತು ಇರಬೇಕಾದ ಜಾಗದಲ್ಲಿ ಬೆಳಕಿನ ಮೂಲ ನಿಲ್ಲದೆ ಬೆಳಕು ಕಂಡಕಂಡ ಕಡೆಗೆ ಚೆಲ್ಲುತ್ತದೆ. ರಸ್ತೆಗಿಂತ ಎದುರಿನವನ ಕಣ್ಣಿಗೇ ಹೆಚ್ಚು. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಇಂಥ ದೀಪಗಳ ಮೇಲೆ ವಿಶೇಷವಾಗಿ ಮೊಕದ್ದಮೆ ಹೂಡಿದ್ದು ನಿಮಗೆ ನೆನಪಿರಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಎಂಟು ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ತಗ್ಗಿಸಿದ ದೀಪ ಕೋರೈಸಬಾರದೆನ್ನುತ್ತವೆ. ಸೈಕಲ್ಲಿನ ಮೇಲೆ ಕುಳಿತ ಮುದುಕರ ಕಣ್ಣು ಹೆಚ್ಚುಕಡಿಮೆ ಅದೇ ಎತ್ತರ.

ಆ ಘಟನೆಯ ಮರುದಿನವೇ ನಾನು 60/55ರ ಬಲ್ಬಿಗೆ ಹಿಂದಿರುಗಿದೆ. ರಿಲೇ ಹಾಕಿಸಿದೆ, ಮಬ್ಬುಗಟ್ಟಿದ್ದ ಗಾಜನ್ನು ಬದಲಿಸಿದೆ. ಆ ಭಾನುವಾರ ಸಂಜೆ ಕಾರನ್ನು ಶಾಲೆಯ ಗೋಡೆಗೆ ಎದುರಾಗಿ ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ತಗ್ಗು ಬೆಳಕಿನ ಮೇಲಂಚು ಗೆರೆಯ ಕೆಳಗೆ ನಿಲ್ಲುವವರೆಗೆ ತಿರುಪು ತಿರುಗಿಸಿದೆ. ಸೀಮೆಸುಣ್ಣ ಹಿಡಿದು ನಿಂತಿದ್ದವನು ಆ ಮುದುಕರ ಮೊಮ್ಮಗ.